ಮುಪ್ಪಿನ ಒಂಟಿತನ: ಒಂದು ಅಧ್ಯಯನ ಕ್ಷೇತ್ರ ಬೆಳೆದ ಬಗೆ

ಮುಪ್ಪಿನಲ್ಲಿ ಮನಸ್ಸು ಕುಗ್ಗುವುದನ್ನು ಮನೆಯವರೂ ವೈದ್ಯರೂ ಬಹುಕಾಲ ವಯಸ್ಸಿನ ಸಹಜ ಲಕ್ಷಣವೆಂದೇ ಬಗೆದಿದ್ದರು. ಅಮೆರಿಕದ ಕಾನ್ಸಾಸ್ ಸಿಟಿಯ ಹಿರಿಯರನ್ನು ಅಭ್ಯಸಿಸಿದ ಎಲೇನ್ ಕಮಿಂಗ್ ಮತ್ತು ವಿಲಿಯಂ ಹೆನ್ರಿ 1961ರಲ್ಲಿ ಮಂಡಿಸಿದ ವಿಮುಖತಾ ಸಿದ್ಧಾಂತ ಈ ಎಣಿಕೆಗೆ ಶಾಸ್ತ್ರದ ಬಲ ಕೊಟ್ಟಿತು. ವಯಸ್ಸಾದವರು ಸಮಾಜದಿಂದ, ಸಮಾಜವು ಅವರಿಂದ ಕ್ರಮೇಣ ದೂರ ಸರಿಯುವುದು ಇಬ್ಬರಿಗೂ ಹಿತವೆಂಬುದು ಅದರ ತಿರುಳು. ಚಟುವಟಿಕೆಯೇ ಮುಪ್ಪಿನ ನೆಮ್ಮದಿಯ ಮೂಲವೆಂದ ರಾಬರ್ಟ್ ಹ್ಯಾವಿಗ್‌ಹರ್ಸ್ಟ್ ಮೊದಲಾದವರು ಇದನ್ನು ಒಪ್ಪಲಿಲ್ಲ. ಬಡತನವೂ ಬಲವಂತದ ನಿವೃತ್ತಿಯೂ ದೂರ ತಳ್ಳಿದ್ದನ್ನು ಸ್ವಂತ ಆಯ್ಕೆಯೆಂದು ಓದಿದ್ದೇ ಆ ಸಿದ್ಧಾಂತದ ದೊಡ್ಡ ದೋಷವೆನ್ನಬೇಕು.

ಇದಕ್ಕೆ ಮೊದಲೇ, 1957ರಲ್ಲಿ, ಲಂಡನ್ನಿನ ಬೆತ್ನಲ್ ಗ್ರೀನ್ ಬಡಾವಣೆಯ ವೃದ್ಧರ ಕುಟುಂಬಜೀವನವನ್ನು ಕುರಿತು ಬರೆದ ಪೀಟರ್ ಟೌನ್‌ಸೆಂಡ್, ಜನಸಂಪರ್ಕ ಕಡಿಮೆಯಿರುವ ಸ್ಥಿತಿ ಬೇರೆ, ಒಂಟಿತನದ ಅನುಭವ ಬೇರೆ ಎಂದು ತೋರಿಸಿದ್ದರು; ಒಂಟಿತನವು ನಂಟು ವಿರಳವಾಗಿರುವುದಕ್ಕಿಂತ ಪ್ರೀತಿಪಾತ್ರರನ್ನು ಇತ್ತೀಚೆಗೆ ಕಳೆದುಕೊಂಡದ್ದಕ್ಕೆ ಹೆಚ್ಚು ತಳಕು ಹಾಕಿಕೊಂಡಿರುವುದನ್ನು ಅವರು ಕಂಡಿದ್ದರು. ರಾಬರ್ಟ್ ವೈಸ್ 1973ರಲ್ಲಿ ಆಪ್ತರೊಬ್ಬರ ಕೊರತೆಯಿಂದ ಬರುವ ಭಾವನಾತ್ಮಕ ಒಂಟಿತನವನ್ನೂ ಬಳಗದ ಕೊರತೆಯಿಂದ ಬರುವ ಸಾಮಾಜಿಕ ಒಂಟಿತನವನ್ನೂ ಬೇರ್ಪಡಿಸಿದರು. 1978ರ ಹೊತ್ತಿಗೆ ಒಂಟಿತನವನ್ನು ಅಳೆಯುವ ಪ್ರಶ್ನಾವಳಿ ಕ್ಯಾಲಿಫೋರ್ನಿಯಾದಲ್ಲಿ ಸಿದ್ಧವಾಯಿತು. ಎಂಬತ್ತರ ದಶಕದ ಆರಂಭದಲ್ಲಿ ಜೆರೋಮ್ ಯೆಸವೇಜ್ ಮತ್ತು ಸಂಗಡಿಗರು ಹಿರಿಯರಿಗೆಂದೇ ರೂಪಿಸಿದ 30 ಪ್ರಶ್ನೆಗಳ ಖಿನ್ನತಾ ಮಾಪಕದ ಜಾಣ್ಮೆಯಿರುವುದು ಅದು ಕೈಬಿಟ್ಟ ಪ್ರಶ್ನೆಗಳಲ್ಲಿ: ನಿದ್ರೆ ಕೆಡುವುದು, ಹಸಿವು ತಗ್ಗುವುದು, ಮೈಕೈ ನೋವು ಮುಪ್ಪಿನಲ್ಲಿ ಖಿನ್ನತೆಯಿಲ್ಲದವರಿಗೂ ಇರುವುದರಿಂದ, ಅದು ಹೌದು–ಇಲ್ಲ ಎಂದು ಉತ್ತರಿಸಬಹುದಾದ ಮನಸ್ಸಿನ ವಿಚಾರಗಳನ್ನಷ್ಟೇ ಕೇಳುತ್ತದೆ.

ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಹೋದ್ಯೋಗಿಗಳು 2010ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ, ಗಟ್ಟಿಯಾದ ಸಾಮಾಜಿಕ ಸಂಬಂಧಗಳಿರುವವರು ಬದುಕುಳಿಯುವ ಸಂಭಾವ್ಯತೆ ಶೇ. 50ರಷ್ಟು ಹೆಚ್ಚೆಂದು ತೋರಿಸಿದ ಮೇಲೆ, ಸರ್ಕಾರಗಳೂ ಈ ವಿಷಯದತ್ತ ಕಣ್ಣು ಹಾಯಿಸಿದವು. ಬ್ರಿಟನ್ 2018ರಲ್ಲಿ ಇದರ ಹೊಣೆಯನ್ನು ಸಚಿವರೊಬ್ಬರಿಗೆ ವಹಿಸಿತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿ 2023ರಲ್ಲಿ ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಸಾರಿದರು. ಪರಿಹಾರ ಮಾತ್ರ ಸುಲಭವಾಗಿರಲಿಲ್ಲ. ಕ್ರಿಸ್ಟೋಫರ್ ಮಾಸಿ ಮತ್ತಿತರರ 2011ರ ವಿಶ್ಲೇಷಣೆಯ ಪ್ರಕಾರ, ಜನರನ್ನು ಒಂದೆಡೆ ಸೇರಿಸುವ ಕಾರ್ಯಕ್ರಮಗಳಿಗಿಂತ, ಇತರರು ತನ್ನನ್ನು ಬೇಡವೆನ್ನುತ್ತಾರೆಂಬ ಒಳಗಿನ ಎಣಿಕೆಯನ್ನು ತಿದ್ದುವ ವಿಧಾನಗಳು ಹೆಚ್ಚು ಫಲ ಕೊಟ್ಟಿದ್ದವು.

ಭಾರತದಲ್ಲಿ ಮಧುರೆಯ ಎ. ವೆಂಕೋಬ ರಾವ್ ಸಮುದಾಯದ ನಡುವೆ ವೃದ್ಧರ ಮನೋರೋಗಗಳ ಸಮೀಕ್ಷೆ ನಡೆಸಿ 1982ರಲ್ಲಿ ಪ್ರಕಟಿಸಿದರು. ಆದರೂ ಅವಿಭಕ್ತ ಕುಟುಂಬವೇ ಸಾಕಾದ ಆಸರೆಯೆಂಬ ನಂಬಿಕೆ ನೀತಿ ರೂಪಿಸುವವರಲ್ಲಿ ಉಳಿದೇ ಇತ್ತು. ಹೆತ್ತವರ ಪೋಷಣೆಗಾಗಿ ಬಂದ 2007ರ ಕಾಯ್ದೆಯೂ ಅನ್ನ, ಬಟ್ಟೆ, ವಸತಿ, ಚಿಕಿತ್ಸೆಗಳನ್ನು ಕೊಡಿಸಬಲ್ಲುದೇ ಹೊರತು, ತುಂಬಿದ ಮನೆಯಲ್ಲಿ ಮಾತಿಗೆ ಸಿಗದ ಮಕ್ಕಳ ಮೇಲೆ ನ್ಯಾಯಮಂಡಳಿ ಹೊರಡಿಸಬಹುದಾದ ಆದೇಶ ಯಾವುದೂ ಇಲ್ಲ.

ಇಲ್ಲಿನ ಅತಿ ಮುಖ್ಯ ಪ್ರಯೋಗ ನಡೆದದ್ದು ಗೋವಾದಲ್ಲಿ. 2019ರಲ್ಲಿ ಫಲಿತಾಂಶ ಪ್ರಕಟಿಸಿದ ಅಮಿತ್ ಡಯಾಸ್, ವಿಕ್ರಂ ಪಟೇಲ್ ಮೊದಲಾದವರು, ಖಿನ್ನತೆಯ ಸೌಮ್ಯ ಲಕ್ಷಣಗಳಿದ್ದ 60 ದಾಟಿದ 181 ಮಂದಿಯನ್ನು ಆಯ್ದು, ಅರ್ಧದಷ್ಟು ಜನರಿಗೆ ತರಬೇತಿ ಪಡೆದ ಸಾಮಾನ್ಯ ಸಲಹೆಗಾರರಿಂದ ನೆರವು ಕೊಡಿಸಿದರು. ದಿನನಿತ್ಯದ ತೊಡಕುಗಳನ್ನು ಒಂದೊಂದಾಗಿ ಬಿಡಿಸುವ ಕ್ರಮ, ನಿದ್ರೆಯ ಶಿಸ್ತು, ಸಕ್ಕರೆ ಕಾಯಿಲೆಯಂಥವುಗಳ ಆರೈಕೆ, ಸರ್ಕಾರಿ ಸೌಲಭ್ಯ ಪಡೆಯಲು ಸಹಾಯ ಎಲ್ಲವೂ ಅದರಲ್ಲಿ ಸೇರಿದ್ದವು. ವರ್ಷದೊಳಗೆ ತೀವ್ರ ಖಿನ್ನತೆಗೆ ಒಳಗಾದವರ ಪ್ರಮಾಣ ಈ ಗುಂಪಿನಲ್ಲಿ ಶೇ. 4.4, ಎಂದಿನ ಆರೈಕೆಯಷ್ಟೇ ದೊರೆತವರಲ್ಲಿ ಶೇ. 14.4. ಆದರೆ ಆ ಹಿರಿಯರೆಲ್ಲ ಪ್ರಾಥಮಿಕ ಚಿಕಿತ್ಸಾಲಯಗಳ ಮೂಲಕ ಗುರುತಿಸಲ್ಪಟ್ಟವರು. ಹೊಸ್ತಿಲು ದಾಟದವರನ್ನು ಹುಡುಕುವ ಕೆಲಸ ಆಶಾ ಕಾರ್ಯಕರ್ತೆಯರಂಥವರಿಂದಲೇ ಆಗಬೇಕಾದರೂ, ಅವರ ದುಡಿಮೆಯ ಚೌಕಟ್ಟು ಮೊದಲಿಂದಲೂ ತಾಯಿ–ಮಗುವಿನ ಆರೋಗ್ಯದ ಸುತ್ತ ಕಟ್ಟಿದ್ದು.