ಕೊಪ್ಪಳ ಸೀಮೆಯ ಉರಗಗಳೂ ಅವುಗಳ ಹೆಸರುಗಳೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದೊಡನೆ ನಮ್ಮ ಮನಸ್ಸು ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕಶಾಸನಗಳ ಕಡೆಗೆ ಹರಿಯುತ್ತದೆ. ಆ ಬಂಡೆಗಳ ಬಿರುಕುಗಳಲ್ಲಿಯೂ, ಎರೆಯ ಹೊಲಗಳಲ್ಲಿಯೂ, ತುಂಗಭದ್ರೆಯ ಮಡುಗಳಲ್ಲಿಯೂ ಬಾಳುವ ಹಾವು, ಹಲ್ಲಿ, ಆಮೆ, ಕಪ್ಪೆಗಳಿಗೂ ಒಂದು ಇತಿಹಾಸವುಂಟು. ಮನುಷ್ಯನು ಅವುಗಳನ್ನು ಗುರುತಿಸಲು ಕಲಿತ ಇತಿಹಾಸವೇ ಅದು.

ಅಶೋಕನು ಪಟ್ಟಾಭಿಷೇಕವಾಗಿ 26 ವರ್ಷಗಳು ಕಳೆದ ಮೇಲೆ ಉತ್ತರದೇಶದಲ್ಲಿ ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಳಗೆ ಆಮೆಯೂ ಸೇರಿದೆ. ಒಂದು ಪ್ರಾಣಿಯನ್ನು ಕಾಯಬೇಕಾದರೆ ಮೊದಲು ಅದಕ್ಕೊಂದು ಹೆಸರಿರಬೇಕು. ನಾಗರ, ಕೇರೆ, ಮಂಡಲ, ಉಡ, ಓತಿ, ಗೋಸುಂಬೆ ಎಂಬ ಹೆಸರುಗಳನ್ನು ಕೊಟ್ಟವರು ಕುರುಬರು, ಒಕ್ಕಲಿಗರು, ಬೆಸ್ತರೇ ಹೊರತು ಪಂಡಿತರಲ್ಲ.

ಶಾಸ್ತ್ರಜ್ಞರೂ ಈ ಜನಗಳ ಮಾತನ್ನೇ ಆಶ್ರಯಿಸಿದರು. ಪೂರ್ವಕರಾವಳಿಯ ವಿಶಾಖಪಟ್ಟಣದಲ್ಲಿದ್ದ ವೈದ್ಯ ಪ್ಯಾಟ್ರಿಕ್ ರಸೆಲ್ಲರು 1796ರಲ್ಲಿ ಪ್ರಕಟಿಸಿದ ಸರ್ಪಗ್ರಂಥದಲ್ಲಿ ಚಿತ್ರಗಳೊಡನೆ ಆ ಸೀಮೆಯ ಹೆಸರುಗಳನ್ನೂ ಬರೆದಿಟ್ಟರು. ಯಾವ ಹಾವು ವಿಷವುಳ್ಳದ್ದೆಂದು ತಿಳಿಯಲು ಕೋಳಿ ನಾಯಿಗಳ ಮೇಲೆ ಪರೀಕ್ಷೆ ನಡೆಯಿಸಿದರು. ನಮ್ಮ ಕೊಳಕುಮಂಡಲಕ್ಕೆ ಶಾಸ್ತ್ರದಲ್ಲಿ ಇಂದಿಗೂ ಅವರದೇ ಹೆಸರು. 1890ರಲ್ಲಿ ಬೌಲೆಂಜರರು ಭಾರತದ ಉರಗಗಳನ್ನೂ ಕಪ್ಪೆಗಳನ್ನೂ ಒಂದೇ ಸಂಪುಟದಲ್ಲಿ ವಿವರಿಸಿದರು.

ಕನ್ನಡನಾಡಿನಲ್ಲಿ ಈ ಕಾರ್ಯವನ್ನು ಮುಂದುವರಿಸಿದವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾಯರು. ಮಲೆನಾಡಿನ ಹಲವು ಹೊಸ ಕಪ್ಪೆಗಳನ್ನು ಅವರು 1937ರಲ್ಲಿ ವರ್ಣಿಸಿದರು. ಅವರು ಸಂಗ್ರಹಿಸಿದ್ದ ಮೂಲ ಮಾದರಿಗಳು ಮಾತ್ರ ಕಾಲಾನಂತರದಲ್ಲಿ ಕಳೆದುಹೋದವು. ಆದಕಾರಣ ಕೆಲವು ಹೆಸರುಗಳು ಯಾವ ಕಪ್ಪೆಗೆ ಸಲ್ಲುವುವೆಂದು ನಿರ್ಣಯಿಸುವುದೇ ದುಸ್ತರವಾಯಿತು. 2010ರಲ್ಲಿ ಒಂದು ಕಪ್ಪೆಯ ಕುಲಕ್ಕೆ ರಾಯರ ಹೆಸರನ್ನಿಟ್ಟು ಗೌರವಿಸಲಾಯಿತು.

ಈ ಗುರುತು ವಿದ್ವಾಂಸರ ವಿನೋದಕ್ಕಷ್ಟೇ ಸೇರಿದುದೆಂದು ಭಾವಿಸಬಾರದು. ತುಂಗಭದ್ರಾ ಕಾಲುವೆಗಳು ಬಂದ ಮೇಲೆ ಗಂಗಾವತಿಯ ಕಡೆ ಭತ್ತದ ಗದ್ದೆಗಳು ಹರಡಿದವು. ಭತ್ತವಿರುವಲ್ಲಿ ಇಲಿ, ಇಲಿಯಿರುವಲ್ಲಿ ಹಾವು. ನಮ್ಮ ಆಸ್ಪತ್ರೆಗಳಲ್ಲಿ ದೊರೆಯುವ ವಿಷಹರ ಔಷಧವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕಾಗಿ ಸಿದ್ಧವಾದುದು. ಕಟ್ಟುಹಾವಿನ ಕಡಿತವು ರಾತ್ರಿಯ ನಿದ್ರೆಯಲ್ಲಿ ನೋವನ್ನೇ ತೋರದಿರಬಹುದು. ಅದನ್ನು ಹೋಲುವ ನಿರ್ವಿಷವಾದ ತೋಳಹಾವೂ ಮನೆಗಳಲ್ಲಿ ಸುಳಿಯುವುದುಂಟು. ಒಂದನ್ನು ಮತ್ತೊಂದೆಂದು ಬಗೆದು ಉದಾಸೀನ ಮಾಡಿದರೆ ಪ್ರಾಣವೇ ಹೋದೀತು. ಎಲ್ಲವೂ ವಿಷವೆಂದು ಬಗೆದರೆ ಇಲಿಗಳನ್ನು ತಿಂದು ಪೈರನ್ನು ಕಾಯುವ ಕೇರೆಹಾವು ದೊಣ್ಣೆಗೆ ಬಲಿಯಾಗುತ್ತದೆ. ಕಡಿತವಾದಲ್ಲಿ ಹಾವನ್ನು ಹಿಡಿಯಲು ಕಾಲ ಕಳೆಯದೆ, ಕೂಡಲೇ ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಮಾರ್ಗ.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿರಿಯರು ಹೇಳುವ ಹೆಸರುಗಳನ್ನು ಪ್ರಾಣಿಯ ಚಿತ್ರ, ಸ್ಥಳ, ತಿಥಿಗಳೊಡನೆ ಬರೆದಿಡುವುದು ವಿದ್ಯಾವಂತರ ಕರ್ತವ್ಯ. ನಾರಾಯಣರಾಯರ ಮಾದರಿಗಳಂತೆ ಈ ಜ್ಞಾನವೂ ಕಳೆದುಹೋದರೆ ಮತ್ತೆ ದೊರೆಯಲಾರದು.