ಖುರಾಕು ಮತ್ತು ಡಬ್ಬಿ

ಕಳೆದ ದೀಪಾವಳಿಗೆ ಪಾಲಬಾವಿಗೆ ಹೋದಾಗ ಕಾಕಾನ ಮನೆಯ ಪಡಸಾಲೆಯಲ್ಲಿ, ಹನುಮಪ್ಪನ ಫೋಟೋದ ಕೆಳಗೆ, ಒಂದು ದೊಡ್ಡ ಕರಿ ಡಬ್ಬಿ ಕೂತಿತ್ತು. ಎರಡು ಕಿಲೋ ವೇ ಪ್ರೋಟೀನ್. ಕಾಕಾನ ಮಗ ಇಪ್ಪತ್ತೆರಡರ ಹುಡುಗ, ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದ. ದಿನಕ್ಕೆ ನಾಲ್ಕು ಚಮಚ ಪುಡಿ ಕಲಸಿ ಕುಡಿಯುತ್ತಿದ್ದ. ರಾತ್ರಿಯ ರೊಟ್ಟಿ, ಬ್ಯಾಳಿ ಬಿಟ್ಟಿದ್ದ.

ಮುತ್ಯಾ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದರಾಗ ಏನೈತೋ?" ಅಂದ.

"ಹಾಲಿಂದನ ಮಾಡಿರ್ತಾರ ಮುತ್ಯಾ. ಪವರ್ ಬರ್ತೈತಿ."

"ಹಾಲಿಂದ ಮಾಡ್ಯಾರಂದ್ರ ಹಾಲ ಕುಡಿ. ದುಡೀಲಾರದ ಮೈಗೆ ಖುರಾಕು ಹಾಕಿದ್ರ ಕರಗೂದಿಲ್ಲೋ ತಮ್ಮಾ."

ಮುತ್ಯಾ ಹರೆಯದಲ್ಲಿ ಜಾತ್ರೆಯ ಕುಸ್ತಿ ಹಿಡಿದವನು. ಆ ಸಂಜೆಯ ಮಟ್ಟಿಗೆ ಇಬ್ಬರ ಮಾತೂ ತಮಾಷೆಯಾಗಿಯೇ ಇತ್ತು. ನನಗೆ ಮಾತ್ರ 'ಖುರಾಕು' ಎಂಬ ಶಬ್ದ ಕಿವಿಯಲ್ಲಿ ಉಳಿಯಿತು. ಆ ಶಬ್ದಕ್ಕೂ ಡಬ್ಬಿಯ ಮೇಲಿನ ಶಬ್ದಕ್ಕೂ ನಡುವೆ ಸುಮಾರು ಇನ್ನೂರು ವರ್ಷದ ಕತೆಯಿದೆ.

ನಮ್ಮ ಕಡೆ ಕುಸ್ತಿಯ ಹುಚ್ಚು ಹೊಸದಲ್ಲ. ರಾಯಬಾಗ ಹಿಂದೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಶಾಹೂ ಮಹಾರಾಜರು ಪೈಲವಾನರನ್ನು ಸಾಕಿ ಬೆಳೆಸಿದವರು. ಅವರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ 1912ರಲ್ಲಿ ತೆರೆಯಿತು. ಗಡಿಯ ಈಚೆಗಿನ ಊರುಗಳ ತಾಲೀಮುಗಳಲ್ಲೂ ಮಣ್ಣು ಹದ ಮಾಡುವ, ದಂಡ-ಬೈಠಕ್ ಹೊಡೆಯುವ, ವಸ್ತಾದನ ಕಾಲಿಗೆ ಬಿದ್ದು ಕಣಕ್ಕಿಳಿಯುವ ಅದೇ ರೂಢಿ ಇತ್ತು. ಖುರಾಕು ಆ ರೂಢಿಯ ಒಂದು ಭಾಗ: ಎಮ್ಮೆಯ ಹಾಲು, ತುಪ್ಪ, ನೆನೆಹಾಕಿ ಅರೆದ ಬಾದಾಮಿ. ಬಾದಾಮಿ ಕೊಳ್ಳಲಾಗದವರಿಗೆ ಶೇಂಗಾ ಮತ್ತು ಬೆಲ್ಲ. ಯಾರಿಗೆ ಎಷ್ಟು ಎಂಬುದನ್ನು ವಸ್ತಾದ ಹುಡುಗನ ಬೆವರು ನೋಡಿ ಹೇಳುತ್ತಿದ್ದನಂತೆ.

ಇದನ್ನು ಬಂಗಾರದ ಕಾಲವೆಂದು ಹಾಡಿ ಹೊಗಳಬೇಕಾಗಿಲ್ಲ. ಪೈಲವಾನರ ಊಟವೂ ಅತಿಯೇ. ಕುಸ್ತಿ ಬಿಟ್ಟ ಮೇಲೂ ಖುರಾಕು ಬಿಡದೆ ಮೈ ಕೆಡಿಸಿಕೊಂಡವರ ಸುದ್ದಿ ಮುತ್ಯಾನೇ ಹೇಳುತ್ತಾನೆ. ಆದರೆ ಅಲ್ಲಿ ತಿನ್ನುವುದಕ್ಕೂ ದುಡಿಯುವುದಕ್ಕೂ ಒಂದು ಲೆಕ್ಕವಿತ್ತು, ಲೆಕ್ಕ ನೋಡುವ ಒಬ್ಬ ಮನುಷ್ಯನೂ ಎದುರಿಗಿದ್ದ.

'ಪ್ರೋಟೀನ್' ಎಂಬ ಶಬ್ದ ಅಚ್ಚಾದದ್ದು 1838ರಲ್ಲಿ. ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಅದನ್ನು ಬಳಸಿದ. ಹೆಸರು ಸೂಚಿಸಿದವನು ಸ್ವೀಡನ್ನಿನ ಬರ್ಜೀಲಿಯಸ್. ಮೊದಲ ಸ್ಥಾನದ್ದು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರದು. ಹುಟ್ಟುವಾಗಲೇ ಪಟ್ಟ ಕಟ್ಟಿಸಿಕೊಂಡು ಬಂದ ವಸ್ತುವಿಗೆ ಜರ್ಮನಿಯ ಲೀಬಿಗ್ ಇನ್ನಷ್ಟು ಮೆರಗು ಕೊಟ್ಟ. ಸ್ನಾಯು ದುಡಿಯುವಾಗ ಪ್ರೋಟೀನೇ ಖರ್ಚಾಗುತ್ತದೆ, ಹಾಗಾಗಿ ಹೆಚ್ಚು ದುಡಿಯುವವನು ಹೆಚ್ಚು ಪ್ರೋಟೀನು ತಿನ್ನಬೇಕು ಎಂಬುದು ಅವನ ವಾದ. 1865ರಲ್ಲಿ ಅವನ ಹೆಸರಿನ ಕಂಪನಿ ದಕ್ಷಿಣ ಅಮೆರಿಕದ ದನಗಳ ಮಾಂಸವನ್ನು ಬೇಯಿಸಿ ಇಳಿಸಿದ ಸತ್ವವನ್ನು ಮಾರತೊಡಗಿತು. ಶಕ್ತಿಯ ಸಾರವೆಂದು ಯುರೋಪು ಅದನ್ನು ಕೊಂಡಿತು. ಆ ಸತ್ವದಲ್ಲಿ ಪ್ರೋಟೀನು ಇದ್ದದ್ದು ಬಹಳ ಕಡಿಮೆ ಎಂಬುದು ನಂತರ ಬಯಲಾದ ಸಂಗತಿ.

ಅದೇ 1865ರಲ್ಲಿ ಸ್ವಿಟ್ಜರ್ಲೆಂಡಿನ ಇಬ್ಬರು ವಿಜ್ಞಾನಿಗಳು, ಫಿಕ್ ಮತ್ತು ವಿಸ್ಲಿಸೇನುಸ್, ಲೀಬಿಗ್‌ನ ಮಾತನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿದರು. ಪ್ರೋಟೀನಿಲ್ಲದ ಪಿಷ್ಟ, ಕೊಬ್ಬು, ಸಕ್ಕರೆ ತಿಂದು ಫಾಲ್‌ಹಾರ್ನ್ ಬೆಟ್ಟ ಹತ್ತಿದರು. ಮೂತ್ರವನ್ನು ಸಂಗ್ರಹಿಸಿ ಅದರಲ್ಲಿದ್ದ ಸಾರಜನಕದಿಂದ ಎಷ್ಟು ಪ್ರೋಟೀನು ಖರ್ಚಾಯಿತೆಂದು ಲೆಕ್ಕ ಹಾಕಿದರು. ಅಷ್ಟು ಪ್ರೋಟೀನಿನಿಂದ ಬೆಟ್ಟ ಹತ್ತುವುದೇ ಸಾಧ್ಯವಿರಲಿಲ್ಲ. ದುಡಿಮೆಯ ಸೌದೆ ಬೇರೆಯೇ ಇತ್ತು. ಆದರೂ ಜರ್ಮನಿಯ ಫಾಯ್ಟ್ ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಪ್ರೋಟೀನು ಬೇಕೆಂದು ಹೇಳಿದ, ಮತ್ತು ಬಹುಕಾಲ ಆ ಸಂಖ್ಯೆಯೇ ನಡೆಯಿತು. 1904ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಿಟೆಂಡೆನ್ ತಾನು, ಸಹೋದ್ಯೋಗಿಗಳು, ಸೈನಿಕರು ಮತ್ತು ವಿದ್ಯಾರ್ಥಿ ಕ್ರೀಡಾಪಟುಗಳು ತಿಂಗಳುಗಟ್ಟಲೆ ಅದರ ಅರ್ಧದಷ್ಟರಲ್ಲೇ ಬದುಕಿ ಬಲ ಕಳೆದುಕೊಳ್ಳಲಿಲ್ಲವೆಂದು ತೋರಿಸಿದ.

ಭಾರತಕ್ಕೆ ಈ ವಾದ ಬಂದದ್ದು ಜೈಲಿನ ಮೂಲಕ. ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸುತ್ತಿದ್ದ ಡೇವಿಡ್ ಮಕ್ಕೇ ಬಂಗಾಳದ ಕೈದಿಗಳ ಊಟವನ್ನು ಅಳೆದ. 1912ರ ತನ್ನ ಪುಸ್ತಕದಲ್ಲಿ ಅವನು ಚಿಟೆಂಡೆನ್‌ನನ್ನು ಅಲ್ಲಗಳೆದ: ಬಂಗಾಳಿಗಳು ಕಡಿಮೆ ಪ್ರೋಟೀನು ತಿನ್ನುತ್ತಾರೆ, ಆದ್ದರಿಂದಲೇ ಅವರಲ್ಲಿ ಕಸುವಿಲ್ಲ. ಬಡತನ, ಮಲೇರಿಯಾ, ಜೈಲು ಎಲ್ಲವೂ ಹಿಂದೆ ಸರಿದು ಆಳಿಸಿಕೊಳ್ಳುವವರ ಸೋಲಿಗೆ ಅವರ ತಟ್ಟೆಯೇ ಕಾರಣವಾಯಿತು. ಖಾಸಬಾಗ್ ಮೈದಾನ ತೆರೆದ ವರ್ಷವೂ ಅದೇ. ಹಾಲು, ತುಪ್ಪ, ರೊಟ್ಟಿಯ ಮೇಲೆ ಬೆಳೆದ ಪೈಲವಾನರು ಅಲ್ಲಿ ಕುಸ್ತಿ ಹಿಡಿಯುತ್ತಿದ್ದಾಗ ಇಲ್ಲಿ ಒಂದು ಪುಸ್ತಕ, ನಿಮ್ಮ ಊಟದಲ್ಲಿ ಸತ್ವವಿಲ್ಲ ಎಂದು ಹೇಳುತ್ತಿತ್ತು. ಆ ಅಳುಕು ಸ್ವಾತಂತ್ರ್ಯದ ಜೊತೆಗೆ ಹೋಗಲಿಲ್ಲ.

ಕೊರತೆ ಸುಳ್ಳೆಂದು ನಾನು ಹೇಳುತ್ತಿಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಶೇಂಗಾ ಹಿಟ್ಟು ಮತ್ತು ಕಡಲೆ ಹಿಟ್ಟು ಬೆರೆಸಿ ಬಹೂಪಯೋಗಿ ಆಹಾರವೊಂದನ್ನು ತಯಾರಿಸಿತು. ಬಡಮಕ್ಕಳಿಗೆ ಅಗ್ಗದ ಪ್ರೋಟೀನು ಒದಗಿಸುವ ಪ್ರಾಮಾಣಿಕ ಪ್ರಯತ್ನವದು. ಅಷ್ಟರಲ್ಲಿ, 1960ರಲ್ಲಿ, ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬೂಸ್ಟು ಹಿಡಿದ ಶೇಂಗಾ ಹಿಂಡಿಯಲ್ಲಿದ್ದ ವಿಷವೇ ಕಾರಣವೆಂದು ಪತ್ತೆಯಾಯಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಅದು ಯಕೃತ್ತಿಗೆ ಕ್ಯಾನ್ಸರ್ ತರಬಲ್ಲದು. ಶೇಂಗಾದಿಂದ ಮಾಡುವ ಪ್ರೋಟೀನ್ ಆಹಾರಗಳೆಲ್ಲದರ ಮೇಲೂ ಅದರ ನೆರಳು ಬಿತ್ತು.

1968ರಲ್ಲಿ ವಿಶ್ವಸಂಸ್ಥೆಯ ವರದಿಯೊಂದು ಜಗತ್ತಿಗೆ ಪ್ರೋಟೀನ್ ಬಿಕ್ಕಟ್ಟು ಬರಲಿದೆಯೆಂದು ಎಚ್ಚರಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್ ಬೇರೆ ಮಾತು ಹೇಳಿದರು: ನಮ್ಮ ಮಕ್ಕಳಿಗೆ ಕಡಿಮೆಯಾಗಿರುವುದು ಮುಖ್ಯವಾಗಿ ಹೊಟ್ಟೆತುಂಬ ಊಟ; ಅದೇ ಊಟವನ್ನು ಸಾಕಷ್ಟು ಕೊಟ್ಟರೆ ಪ್ರೋಟೀನು ಬಹುಮಟ್ಟಿಗೆ ತಾನಾಗಿಯೇ ಸಿಗುತ್ತದೆ. 1974ರಲ್ಲಿ ಡೊನಾಲ್ಡ್ ಮೆಕ್ಲಾರೆನ್ 'ಲಾನ್ಸೆಟ್' ಪತ್ರಿಕೆಯಲ್ಲಿ ಆ ಇಡೀ ಗದ್ದಲವನ್ನು ದೊಡ್ಡ ಪ್ರೋಟೀನ್ ಎಡವಟ್ಟು ಎಂದೇ ಕರೆದ. ವಿಜ್ಞಾನ ತನ್ನ ಲೆಕ್ಕ ತಿದ್ದಿಕೊಂಡಿತು. ಮಾರುಕಟ್ಟೆಗೆ ಅದರ ಅಗತ್ಯ ಬೀಳಲಿಲ್ಲ. ಚೀಸ್ ಮಾಡುವಾಗ ಉಳಿಯುವ ತಿಳಿನೀರನ್ನು ಹಿಂದೆ ಹಂದಿಗೆ ಹಾಕುತ್ತಿದ್ದರು, ಇಲ್ಲವೇ ಹೊಳೆಗೆ ಬಿಡುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಅದನ್ನು ಸೂಕ್ಷ್ಮ ಪೊರೆಗಳಲ್ಲಿ ಸೋಸಿ ಪ್ರೋಟೀನು ಬೇರ್ಪಡಿಸುವ ವಿಧಾನ ಬಳಕೆಗೆ ಬಂತು. ವೇ ಪುಡಿಯ ಡಬ್ಬಿ ಹುಟ್ಟಿದ್ದು ಅಲ್ಲಿಂದ.

ಈಗ ನಮ್ಮ ಹುಡುಗನ ಲೆಕ್ಕ. ಅವನ ತೂಕ 65 ಕಿಲೋ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ ಅವನಿಗೆ ಸುಮಾರು 54 ಗ್ರಾಂ. ಕಾಲು ಕಿಲೋ ಜೋಳದ ಹಿಟ್ಟಿನ ರೊಟ್ಟಿ, ಒಂದು ಬಟ್ಟಲು ಬ್ಯಾಳಿ, ಅರ್ಧ ಲೀಟರ್ ಎಮ್ಮೆ ಹಾಲು, ಒಂದು ಹಿಡಿ ಶೇಂಗಾ ಸೇರಿದರೆ ಅಷ್ಟು ದಾಟುತ್ತದೆ. ಭಾರ ಎತ್ತುವವರಿಗೂ ಕಿಲೋಗೆ 1.6 ಗ್ರಾಮಿಗಿಂತ ಮೇಲೆ ಹೋದರೆ ಸ್ನಾಯುವಿಗೆ ಹೆಚ್ಚಿನ ಲಾಭವಿಲ್ಲವೆಂದು ಅಧ್ಯಯನಗಳು ಹೇಳುತ್ತವೆ. ಅವನು ಚಮಚಕ್ಕೆ 24 ಗ್ರಾಮಿನಂತೆ ಪುಡಿಯಿಂದಲೇ 96 ಗ್ರಾಂ ತೆಗೆದುಕೊಳ್ಳುತ್ತಿದ್ದ. ಮೇಲೆ ಮೊಟ್ಟೆ, ಹಾಲು ಬೇರೆ.

ಕೊಬ್ಬನ್ನು ಕೂಡಿಡುವಂತೆ ಪ್ರೋಟೀನನ್ನು ಕೂಡಿಡಲು ದೇಹದಲ್ಲಿ ಕಣಜವಿಲ್ಲ. ಹೆಚ್ಚಾದದ್ದನ್ನು ಯಕೃತ್ತು ಒಡೆಯುತ್ತದೆ, ಅದರ ಸಾರಜನಕ ಯೂರಿಯಾ ಆಗುತ್ತದೆ, ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುತ್ತದೆ. ಊಟದಲ್ಲಿ ಪ್ರೋಟೀನು ಏರಿದಂತೆ ಸೋಸುವ ಒತ್ತಡವೂ ಏರುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ಜರಡಿಯೇ ಸವೆಯಬಹುದೆಂದು 1982ರಲ್ಲಿ ಬ್ರೆನ್ನರ್ ಮತ್ತು ಸಂಗಡಿಗರು ವಾದಿಸಿದರು. ಆರೋಗ್ಯವಂತರ ಮೂತ್ರಪಿಂಡವನ್ನು ಇದು ಕೆಡಿಸಿಯೇ ತೀರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದರೆ ಮೊದಲೇ ದುರ್ಬಲವಾದ ಮೂತ್ರಪಿಂಡಕ್ಕೆ ಇದು ಭಾರ ಎಂಬುದರಲ್ಲಿ ವೈದ್ಯರಿಗೆ ಅನುಮಾನವಿಲ್ಲ. ಮೂತ್ರಪಿಂಡದ ಕಾಯಿಲೆ ಬಹಳ ದಿನ ಸದ್ದಿಲ್ಲದೆ ಇರುತ್ತದೆ. ತನ್ನದು ಯಾವ ಗುಂಪಿನದೆಂದು ಜಿಮ್ಮಿಗೆ ಹೋಗುವ ಎಷ್ಟು ಹುಡುಗರಿಗೆ ಗೊತ್ತು?

ಡಬ್ಬಿಯೊಳಗೆ ಏನಿದೆ ಎಂಬ ಮುತ್ಯಾನ ಪ್ರಶ್ನೆಯೂ ಸಣ್ಣದಲ್ಲ. ಕೇರಳದ ಯಕೃತ್ ತಜ್ಞರೊಬ್ಬರು ಮುಂದಾಗಿ ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ. 70ರಲ್ಲಿ ಚೀಟಿಯ ಮೇಲಿನ ಪ್ರೋಟೀನಿನ ಲೆಕ್ಕ ಸರಿಯಿರಲಿಲ್ಲ. ಶೇ. 14ರಲ್ಲಿ ಅಫ್ಲಾಟಾಕ್ಸಿನ್, ಶೇ. 8ರಲ್ಲಿ ಕೀಟನಾಶಕದ ಅಂಶ ಸಿಕ್ಕಿತು. ಟರ್ಕಿ ಕೋಳಿಗಳನ್ನು ಕೊಂದ ಅದೇ ವಿಷ. ಅದೇ ವರ್ಷದ ಮೇ ತಿಂಗಳಲ್ಲಿ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿಯೂ ಮೈ ಬೆಳೆಸಲು ಇಂಥ ಪುಡಿ ಬೇಡವೆಂದಿತು. ದೀರ್ಘಕಾಲ ಅತಿಯಾಗಿ ತಿಂದರೆ ಮೂಳೆಯ ಖನಿಜಾಂಶಕ್ಕೂ ಮೂತ್ರಪಿಂಡಕ್ಕೂ ಹಾನಿಯಾಗಬಹುದೆಂದು ಎಚ್ಚರಿಸಿತು.

ಸಂಕ್ರಾಂತಿಯ ಹೊತ್ತಿಗೆ ಹುಡುಗನಿಗೆ ತಲೆನೋವು ಶುರುವಾಯಿತು. ಓಡಿದ್ದು ಹೆಚ್ಚಾಗಿದೆ ಎಂದುಕೊಂಡರು. ದವಾಖಾನೆಯಲ್ಲಿ ನೋಡಿದರೆ ರಕ್ತದೊತ್ತಡ ಏರಿತ್ತು, ಕ್ರಿಯೇಟಿನಿನ್ ಹೆಚ್ಚಿತ್ತು, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ಪುಡಿಯಿಂದಲೇ ಹೀಗಾಯಿತೆಂದು ವೈದ್ಯರು ಹೇಳಲಿಲ್ಲ. ತೊಂದರೆ ಮೊದಲೇ ಇದ್ದಿರಬಹುದು, ಯಾರೂ ನೋಡಿರಲಿಲ್ಲ, ಪುಡಿ ಅದರ ಮೇಲೆ ಭಾರ ಹೇರಿರಬಹುದು ಎಂದರು. ಪುಡಿ ನಿಲ್ಲಿಸಿ, ಮಾತ್ರೆ ಬರೆದುಕೊಟ್ಟರು. ಡಬ್ಬಿ ಮಾರಿದ ಜಿಮ್ಮಿನವರು ಅವನ ತೂಕ ನೋಡಿದ್ದರು, ತೋಳಿನ ಸುತ್ತಳತೆ ನೋಡಿದ್ದರು. ಒಮ್ಮೆಯೂ ಬಿ.ಪಿ. ನೋಡಿರಲಿಲ್ಲ.

ಅವನು ಫೋನಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಮಾತು: "ಅಣ್ಣಾ, ಮೆಡಿಕಲ್‌ನ್ಯಾಗ ಪಾಸ್ ಆಗ್ತೀನೇನ?" ಮುಲ್ಡರ್‌ನಿಂದ ಇಲ್ಲಿಯವರೆಗಿನ ಕತೆ ನನಗೆ ಗೊತ್ತಿತ್ತು, ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಎರಡನೇ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ ಇಳಿದಿದೆ, ಮೂತ್ರದ ಪ್ರೋಟೀನು ಪೂರ್ತಿ ನಿಂತಿಲ್ಲ. ಮೂರನೆಯದು ಮುಂದಿನ ತಿಂಗಳು. ಅಲ್ಲಿಯವರೆಗೆ ಬೆಳಿಗ್ಗೆ ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ನಿಧಾನ ನಡೆಯುತ್ತಾನೆ, ರಾತ್ರಿ ಮುತ್ಯಾನ ಪಕ್ಕ ಕೂತು ರೊಟ್ಟಿ ತಿನ್ನುತ್ತಾನೆ. ವೈದ್ಯರು ಹೇಳಿದ್ದರಿಂದ ಉಪ್ಪು ಕಡಿಮೆ.