77/21 ಅಂದ್ರೆ 77ರಲ್ಲಿ 21ನೇದು ಅಲ್ಲ

(ಹಳೇ ಪೋಸ್ಟರ್ ಸರಣಿ. ಈ ಸಲ ಉದ್ದ ಆಯ್ತು, ಒಂದು ಕ್ಯಾಪ್ಶನ್‌ನಲ್ಲಿ ಹಿಡಿಸಲಿಲ್ಲ. ಐದು ಪೋಸ್ಟ್ ಮಾಡಿದೀನಿ, ಕ್ರಮವಾಗಿ ಓದಿ.)

1/5

ಹೋದ ತಿಂಗಳು ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಕ್ಲಾಸಿನ ಹುಡುಗನೊಬ್ಬ ಒಂದು ಫೋಟೋ ಕಳಿಸಿದ. 1977ರ ‘ಸ್ಟಾರ್ ವಾರ್ಸ್’ ಪೋಸ್ಟರ್. ಕೆಳಗಡೆ ಬಲಮೂಲೆಯಲ್ಲಿ ಸಣ್ಣಕ್ಷರದಲ್ಲಿ 77/21 ಅಂತ ಇದೆ. ಮಾರೋನು ಇವನಿಗೆ ಹೇಳಿದ್ದು: “ಜಗತ್ತಲ್ಲಿ ಪ್ರಿಂಟ್ ಆಗಿದ್ದೇ 77. ಇದು 21ನೇದು. 18,000ಕ್ಕೆ ಕೊಡ್ತೀನಿ, ನಾಳೆ ಬೆಳಿಗ್ಗೆ ಒಳಗೆ ಹೇಳು.”

ಎಂಟು ತಿಂಗಳು ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಅದು. “ಮಗಾ, ತಗೊಂಬಿಡ್ಲಾ?” ಅಂದ.

ನಂಗೂ ಒಂದು ಕ್ಷಣ ಹೌದೇನೋ ಅನ್ನಿಸ್ತು, ಸುಳ್ಳು ಹೇಳಲ್ಲ. ಚಿತ್ರಕಲಾವಿದರು ಲಿಮಿಟೆಡ್ ಎಡಿಷನ್ ಮಾಡಿದಾಗ ಮೂಲೇಲಿ ಹೀಗೇ ಎರಡು ಸಂಖ್ಯೆ ಬರೀತಾರೆ. ಆದ್ರೆ ಅಲ್ಲಿ ಪ್ರತಿಯ ನಂಬರ್ ಮೊದಲು, ಒಟ್ಟು ಸಂಖ್ಯೆ ಆಮೇಲೆ. ಅಂದ್ರೆ 21/77 ಅಂತಿರ್ಬೇಕಿತ್ತು. ಅದೂ ಪೆನ್ಸಿಲ್‌ನಲ್ಲಿ ಕೈಯಾರೆ ಬರೆದಿರ್ತಾರೆ. ಇಲ್ಲಿ ಅಚ್ಚಾಗಿದೆ, ಮತ್ತು ಉಲ್ಟಾ ಇದೆ.

ಈ ನಂಬರ್ ಹಾಕ್ತಿದ್ದಿದ್ದು ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಅನ್ನೋ ಕಂಪನಿ. ಮೊದಲು ಟ್ರೈಲರ್ ಹಂಚ್ತಿದ್ದೋರು, 1940ರ ಹೊತ್ತಿಗೆ ಅಮೆರಿಕದ ದೊಡ್ಡ ಸ್ಟುಡಿಯೋಗಳ ಪೋಸ್ಟರ್ ವ್ಯವಹಾರಕ್ಕೂ ಕೈ ಹಾಕಿದ್ರು. ಸಾವಿರಾರು ಥಿಯೇಟರಿಗೆ ನೂರಾರು ಸಿನಿಮಾದ ಕಾಗದ ಕಳಿಸಬೇಕಲ್ಲ, ಗೋಡೌನಿನಲ್ಲಿ ಹುಡುಕೋಕೆ ಒಂದು ಗುರುತು ಬೇಕು. 77 ಅಂದ್ರೆ ವರ್ಷ. 21 ಅಂದ್ರೆ ಆ ವರ್ಷ ಅವರ ಪಟ್ಟಿಯಲ್ಲಿ ಆ ಸಿನಿಮಾದ ಕ್ರಮಸಂಖ್ಯೆ. ಅಷ್ಟೇ. ನಮ್ಮ ಲೈಬ್ರರಿ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿರ್ತಾರಲ್ಲ, ಹಾಗೆ. ಆ ಸಿನಿಮಾದ ಎಲ್ಲಾ ಪೋಸ್ಟರ್ ಮೇಲೂ ಅದೇ ನಂಬರ್.

ವರ್ಷದ ಹಿಂದೆ ಆರ್ ಅನ್ನೋ ಇಂಗ್ಲಿಷ್ ಅಕ್ಷರ ಇದ್ದರೆ ಮರುಬಿಡುಗಡೆ ಅಂತ ಅರ್ಥ. ಎಷ್ಟೋ ಜನ ಅದನ್ನು ‘ರೇರ್’ ಅಂತ ಓದ್ಕೊಂಡಿದಾರೆ. ನಗಬೇಡಿ, ನಾನೂ ಓದಿದ್ದೆ.

2/5

ಹಾಗಾದ್ರೆ ನಿಜವಾಗ್ಲೂ ಎಷ್ಟು ಪ್ರಿಂಟ್ ಆಗ್ತಿತ್ತು? ಹೆಚ್ಚಿನ ಹಳೇ ಸಿನಿಮಾಗಳಿಗೆ ಲೆಕ್ಕದ ಪುಸ್ತಕವೇ ಉಳಿದಿಲ್ಲ. ಪೋಸ್ಟರ್ ಆಗ ಕಲೆ ಅಲ್ಲ, ಖರ್ಚು. ಬಲ್ಬು, ಪೊರಕೆ ಲೆಕ್ಕ ಯಾರು ಎತ್ತಿಡ್ತಾರೆ?

ಅದಕ್ಕೆ ಸುತ್ತು ದಾರಿಯಲ್ಲಿ ಅಂದಾಜು ಮಾಡ್ಬೇಕು. 1930ರ ದಶಕದಲ್ಲಿ ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಥಿಯೇಟರ್ ಇದ್ದವು. ದೊಡ್ಡ ಸ್ಟುಡಿಯೋದ ಸಿನಿಮಾಗೆ ಪೋಸ್ಟರ್ ಹತ್ತಿಪ್ಪತ್ತು ಪ್ರಿಂಟ್ ಮಾಡಿದರೆ ಯಾವ ಮೂಲೆಗೆ ಸಾಕು? ಸಾವಿರಗಳ ಲೆಕ್ಕದಲ್ಲೇ ಯೋಚಿಸ್ಬೇಕು.

ಹಂಗಿದ್ರೂ ಇವತ್ತು ಕೆಲವು ಸಿನಿಮಾಗಳ ಪೋಸ್ಟರ್ ಒಂದೋ ಎರಡೋ ಸಿಗುತ್ತೆ. ಮಿಕ್ಕಿದ್ದು ಎಲ್ಲಿ ಹೋಯ್ತು?

ಥಿಯೇಟರ್‌ನೋರು ಪೋಸ್ಟರನ್ನು ಎಷ್ಟೋ ಸಲ ಬಾಡಿಗೆಗೆ ತರ್ತಿದ್ರು. ವಾರ ಮುಗಿದ ಮೇಲೆ ವಾಪಸ್. ಅದೇ ಕಾಗದ ಮುಂದಿನ ಊರಿಗೆ, ಅಲ್ಲಿಂದ ಇನ್ನೊಂದು ಊರಿಗೆ. ಪಿನ್ನು ಚುಚ್ಚಿ ಚುಚ್ಚಿ ಮೂಲೆ ಕಿತ್ತೋದ ಮೇಲೆ ಕಸ. ಹೊರಗಿನ ಗೋಡೆಗೆ ಅಂಟಿಸಿದ್ದು ಮಳೆಗೆ. ಎರಡನೇ ಮಹಾಯುದ್ಧ ಬಂದಾಗ ಹಳೇ ಕಾಗದ ಒಟ್ಟುಮಾಡೋ ಅಭಿಯಾನ ನಡೀತು, ಗಂಟುಗಂಟಲೇ ಪೋಸ್ಟರ್ ಅದಕ್ಕೆ ಹೋದವು. ಮತ್ತೆ ಅಚ್ಚು ಹಾಕೋಣ ಅಂದ್ರೆ, ಕಲ್ಲಚ್ಚಿನ ಕಾಲದಲ್ಲಿ ಕೆಲಸ ಮುಗಿದ ಕಲ್ಲನ್ನು ಉಜ್ಜಿ ಇನ್ನೊಂದು ಚಿತ್ರಕ್ಕೆ ಬಳಸಿಬಿಡ್ತಿದ್ರು.

ಒಂದೇ ಸಿನಿಮಾದಲ್ಲೂ ಸೈಜ್ ಪ್ರಕಾರ ಹಣೆಬರಹ ಬೇರೆ. ಲಾಬಿ ಕಾರ್ಡ್ ಅಂತ ದಪ್ಪ ಕಾಗದದ ಸಣ್ಣ ಕಾರ್ಡುಗಳು ಥಿಯೇಟರ್ ಒಳಗೇ ಇರ್ತಿದ್ದವು, ಹಾಗಾಗಿ ಹೆಚ್ಚು ಉಳಿದಿವೆ. 24 ಶೀಟಿನ ದೈತ್ಯ ಪೋಸ್ಟರ್ ಹೆದ್ದಾರಿ ಬೋರ್ಡಿಗೆ ಅಂಟಿಸೋಕಂತಲೇ ಮಾಡಿದ್ದು. ಅಂಟಿಸಿದ ಮೇಲೆ ಬಿಡಿಸಿದವರು ಯಾರು?

3/5

ಇನ್ನೊಂದು ಮಾತು ಬರುತ್ತೆ: “ತಿಳಿದಿರೋದು ನಾಲ್ಕೇ ಪ್ರತಿ.” ಹಿಂದಿನ ಭಾಗದಲ್ಲಿ ಜರ್ಮನಿಯ ‘ಮೆಟ್ರೊಪೊಲಿಸ್’ (1927) ಪೋಸ್ಟರ್ ಬಗ್ಗೆ ನಾನೇ “ನಾಲ್ಕೇ ಪ್ರಿಂಟ್ ಆಗಿದ್ದು” ಅಂತ ಬರೆದೆ. ತಪ್ಪು. ನಾಲ್ಕು ಪ್ರಿಂಟ್ ಆಗಿದ್ದಲ್ಲ, ನಾಲ್ಕು ಕಣ್ಣಿಗೆ ಬಿದ್ದಿದ್ದು. ಹೈಂಜ್ ಶುಲ್ಟ್ಸ್-ನಾಯ್ಡಾಮ್ ಬರೆದ ಆ ಪೋಸ್ಟರ್ 2005ರಲ್ಲಿ 6,90,000 ಡಾಲರಿಗೆ ಮಾರಾಟ ಆಯ್ತು. ಆ ಬೆಲೆ ನಿಂತಿರೋದು ‘ಕಂಡದ್ದು ನಾಲ್ಕು’ ಅನ್ನೋ ಲೆಕ್ಕದ ಮೇಲೆ. ಐದನೇದು ಯಾವ ಅಟ್ಟದಲ್ಲಿದೆಯೋ ದೇವರಿಗೇ ಗೊತ್ತು.

ಅಟ್ಟ ಅಂದಿದ್ದು ತಮಾಷೆಗಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬರ್ವಿಕ್ ಅನ್ನೋ ಸಣ್ಣ ಊರಲ್ಲಿ ಒಂದು ಅಟ್ಟದಿಂದ ದಪ್ಪ ರಟ್ಟಿನಂಥ ಕಾಗದದ ಕಂತೆ ಸಿಕ್ತು. ನೋಡಿದ್ರೆ 1930, 31ರ 33 ಪೋಸ್ಟರ್‌ಗಳು, ಒಂದರ ಮೇಲೊಂದು ಅಂಟಿನಲ್ಲಿ ಕೂತಿದ್ದವು. ಥಿಯೇಟರ್‌ನೋರು ಹೊಸ ಪೋಸ್ಟರನ್ನು ಹಳೇದರ ಮೇಲೇ ಅಂಟಿಸ್ತಾ ಹೋಗಿದ್ರು. ನಾಜೂಕಾಗಿ ಆವಿ ಹಿಡಿದು ಬಿಡಿಸಿ, 2012ರಲ್ಲಿ ಡಲ್ಲಾಸ್‌ನಲ್ಲಿ ಹರಾಜು ಹಾಕಿದಾಗ ಒಟ್ಟು ಸುಮಾರು 5 ಲಕ್ಷ ಡಾಲರ್ ಬಂತು. ‘ಡ್ರಾಕುಲಾ’ ಪೋಸ್ಟರ್ ಒಂದೇ 1 ಲಕ್ಷ ಡಾಲರ್ ದಾಟಿತು.

ಯೋಚ್ನೆ ಮಾಡಿ. ಅವನ್ನು ಉಳಿಸಿದ್ದು ಪ್ರೀತಿ ಅಲ್ಲ, ಸೋಮಾರಿತನ. ಹಳೇದನ್ನು ಕಿತ್ತು ಎಸೆಯೋಕೂ ಯಾರಿಗೋ ಬೇಜಾರು.

ಕೆಲವು ಸಲ ಕಾಗದ ಸಿನಿಮಾಕ್ಕಿಂತ ಗಟ್ಟಿ. ಲಾನ್ ಚೇನಿಯ ‘ಲಂಡನ್ ಆಫ್ಟರ್ ಮಿಡ್‌ನೈಟ್’ (1927) ಸಿನಿಮಾದ ಒಂದು ಪ್ರಿಂಟೂ ಈಗ ಇಲ್ಲ. ಪೋಸ್ಟರ್ ಒಂದು ಉಳಿದು, 2014ರಲ್ಲಿ 4,78,000 ಡಾಲರಿಗೆ ಹೋಯ್ತು.

4/5

ಈಗ ಉಲ್ಟಾ ಕತೆ. 1983ರ ‘ರಿಟರ್ನ್ ಆಫ್ ದ ಜೆಡೈ’ಗೆ ಮೊದಲಿಟ್ಟಿದ್ದ ಹೆಸರು ‘ರಿವೆಂಜ್ ಆಫ್ ದ ಜೆಡೈ’. ಆ ಹೆಸರಲ್ಲಿ ಡ್ರೂ ಸ್ಟ್ರುಜನ್ ಚಿತ್ರ ಬರೆದ ಮುಂಗಡ ಪೋಸ್ಟರ್ ಅಚ್ಚಾಗಿ ಹೊರಗೂ ಬಂದಿತ್ತು. ಆಮೇಲೆ ಹೆಸರು ಬದಲಾಯ್ತು. ಹೆಸರು ತಪ್ಪಿದ ಪೋಸ್ಟರ್! ಮುಂದೆ ಚಿನ್ನ ಆಗುತ್ತೆ ಅಂತ ಮೊದಲ ದಿನವೇ ಎಲ್ಲರಿಗೂ ಗೊತ್ತಾಗಿ ಹೋಯ್ತು. ಮಿಕ್ಕ ಪ್ರತಿಗಳನ್ನು ಅಭಿಮಾನಿ ಸಂಘದ ಸದಸ್ಯರಿಗೆ ಮಾರಿದ್ರು. ಅವರೆಲ್ಲ ಕೊಳವೆಯಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟರು. ಪರಿಣಾಮ? ದುಡ್ಡಿದ್ರೆ ಇವತ್ತಿಗೂ ಒಳ್ಳೇ ಸ್ಥಿತಿಯಲ್ಲಿ ಸಿಗುತ್ತೆ. ಜೊತೆಗೆ ನಕಲಿಗಳೂ ಬೇಕಾದಷ್ಟು.

ಅದಕ್ಕೆ ನನಗೆ ‘ಇಷ್ಟೇ ಪ್ರಿಂಟ್ ಆಗಿದ್ದು’ ಅನ್ನೋ ಮಾತಿಗಿಂತ ‘ಯಾರು ಎತ್ತಿಟ್ಟರು, ಯಾಕೆ’ ಅನ್ನೋ ಪ್ರಶ್ನೆ ಮುಖ್ಯ. ಡೀಲರುಗಳೂ ಮಾಡೋದು ಇದನ್ನೇ: ಹಳೇ ಹರಾಜುಗಳ ದಾಖಲೆ ತೆಗೆದು, ಈ ಪೋಸ್ಟರ್ ಇಪ್ಪತ್ತು ಮೂವತ್ತು ವರ್ಷದಲ್ಲಿ ಎಷ್ಟು ಸಲ ತಲೆ ಹಾಕಿದೆ ಅಂತ ಎಣಿಸ್ತಾರೆ. ಒಂದೇ ಪ್ರತಿ ಮೂರು ಸಲ ಮಾರಾಟ ಆಗಿದ್ದರೆ ಮೂರು ಅಂತ ಲೆಕ್ಕ ತಪ್ಪುತ್ತೆ. ಹಾಗಾಗಿ ಕಲೆ, ಹರಿದ ಗುರುತು ನೋಡಿ ಪ್ರತಿಯನ್ನೇ ಗುರುತಿಸ್ಬೇಕು, ಪೊಲೀಸರು ಬೆರಳಚ್ಚು ನೋಡಿದ ಹಾಗೆ.

5/5

“ಕನ್ನಡದ್ದು ಹೇಳಪ್ಪ” ಅಂತ ಕಾಮೆಂಟ್ ಬರುತ್ತೆ, ಗೊತ್ತು. ನಮ್ಮ ಪೋಸ್ಟರ್ ಮೇಲೆ 77/21 ಥರದ ನಂಬರ್ ಇಲ್ಲ. ಬಣ್ಣ ನೋಡಿ ಕಾಲ ಹೇಳೋಕಾಗಲ್ಲ, ಯಾಕಂದ್ರೆ ಕಪ್ಪು ಬಿಳುಪು ಸಿನಿಮಾಗಳಿಗೂ ಬಣ್ಣದ ಪೋಸ್ಟರ್ ಇರ್ತಿದ್ದವು. ರಾಜ್‌ಕುಮಾರ್ ಸಿನಿಮಾಗಳು ಮತ್ತೆ ಮತ್ತೆ ಬಿಡುಗಡೆಯಾದವು, ಒಂದೊಂದು ಸಲಕ್ಕೂ ಹೊಸ ಕಾಗದ. ನನ್ನ ಉಪಾಯ ಕೆಳಗಿನ ಅಂಚನ್ನು ಓದೋದು. ಪ್ರೆಸ್ಸಿನ ಹೆಸರೋ ಹಂಚಿಕೆದಾರರ ವಿಳಾಸವೋ ಇರುತ್ತಲ್ಲ, ಅಲ್ಲಿ.

‘ಬೆಂಗಳೂರು–9’ ಅಂತ ಇದ್ದರೆ ಅದು ಗಾಂಧಿನಗರದ ಹಳೇ ವಿಳಾಸ. ‘560009’ ಅಂತ ಪೂರ್ತಿ ಆರಂಕಿ ಇದ್ದರೆ ಆ ಕಾಗದ 1972ರ ಆಗಸ್ಟ್ 15ಕ್ಕಿಂತ ಹಳೇದಾಗಿರೋಕೆ ಸಾಧ್ಯವೇ ಇಲ್ಲ, ಪಿನ್‌ಕೋಡ್ ಶುರುವಾಗಿದ್ದೇ ಅವತ್ತು. ‘ಬಂಗಾರದ ಮನುಷ್ಯ’ ಬಂದಿದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಆರಂಕಿ ಪಿನ್‌ಕೋಡ್ ಇರೋ ಪೋಸ್ಟರನ್ನು ಮೊದಲ ದಿನದ್ದು ಅಂತ ಯಾರಾದ್ರೂ ಮಾರೋಕೆ ಬಂದ್ರೆ ಸುಮ್ನೆ ನಕ್ಕುಬಿಡಿ. ಮದ್ರಾಸಿನ ಪ್ರೆಸ್ ವಿಳಾಸದಲ್ಲಿ ‘ಚೆನ್ನೈ’ ಅಂತಿದ್ದರೆ ಸಾಮಾನ್ಯವಾಗಿ 1996ರ ಈಚಿನದು. ಆದ್ರೆ ‘ಬೆಂಗಳೂರು–9’ ಇದ್ದ ಮಾತ್ರಕ್ಕೆ ಹಳೇದು ಅಂತ ಕುಣಿಯೋ ಹಾಗಿಲ್ಲ. ನಮ್ಮ ಜನ ಹಳೇ ಅಭ್ಯಾಸ ಅಷ್ಟು ಬೇಗ ಬಿಡ್ತಾರಾ?

ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’ (1934) ಸಿನಿಮಾದ ಪ್ರಿಂಟೇ ಉಳಿದಿಲ್ಲ. ಬರ್ವಿಕ್ ಕತೆ ಓದಿದಾಗಿನಿಂದ ಹಳೇ ಟೆಂಟ್ ಇದ್ದ ಊರಿಗೆ ಹೋದ್ರೆ ನಾನು ಗೋಡೆ, ಅಟ್ಟ, ಟ್ರಂಕಿನ ತಳಕ್ಕೆ ಹಾಸಿದ ಕಾಗದ ಎಲ್ಲಾ ನೋಡ್ತೀನಿ. ಅಜ್ಜಿ ಮನೇಲಿ ಬೈಸ್ಕೊಂಡೂ ಆಗಿದೆ.

ಸರಿ, ನಮ್ಮ ಹುಡುಗನ ಕತೆ. ನಂಬರ್ ಬಗ್ಗೆ ಜಗಳ ಮಾಡ್ಬೇಡ, ಅದನ್ನ ನಕಲಿ ಮಾಡೋರೂ ಹಾಗೇ ಅಚ್ಚು ಹಾಕ್ತಾರೆ, ಅಳತೆ ಮಾತ್ರ ಕೇಳು ಅಂದೆ. ಆ ಕಾಲದ ಅಮೆರಿಕನ್ ಒನ್ ಶೀಟ್ 27 ಇಂಟು 41 ಇಂಚು, ಥಿಯೇಟರಿಗೆ ಹೆಚ್ಚಾಗಿ ಮಡಿಚಿ ಬರ್ತಿದ್ದದ್ದು. ಬೆಳಿಗ್ಗೆ ಉತ್ತರ ಬಂತು: 24 ಇಂಟು 36, “ಒಂದೂ ಮಡಿಕೆ ಇಲ್ಲ, ಹೊಚ್ಚ ಹೊಸದರ ಹಾಗಿದೆ!” ಹೊಸದರ ಹಾಗೆ ಏನು, ಹೊಸದೇ. ಅಂಗಡಿಗಳಲ್ಲಿ ಗೋಡೆಗೆ ಅಂತ ಮಾರೋ ಮರುಮುದ್ರಣದ ಸೈಜ್ ಅದು.

ಎರಡು ದಿನ ಮಾತು ನಡೆದು 400 ರೂಪಾಯಿಗೆ ಇಳೀತು. ತಗೊಂಡ. ಈಗ ಹಾಸ್ಟೆಲ್ ರೂಮಿನ ಬಾಗಿಲ ಮೇಲಿದೆ, ನಾಲ್ಕೂ ಮೂಲೆಗೆ ಸೆಲೋಟೇಪ್ ಹಾಕಿ.

#ಹಳೇಪೋಸ್ಟರ್ #ಸಿನಿಮಾಇತಿಹಾಸ